ಎಂಟುನೂರ ಐವತ್ತು ಪೌಂಡು

ಡುಲೂತಿನಲ್ಲಿ ಏಪ್ರಿಲ್ ಅಂದರೆ
ಬಂದರಿನ ಹಿಮಗಡ್ಡೆ ಇನ್ನೂ ಅರೆಮನಸ್ಸಿನಲ್ಲಿರುತ್ತದೆ,
ಚಳಿಗಾಲ ಚೆಲ್ಲಿಹೋದ ಮರಳು
ತಿರುವು ತಿರುವಿನಲ್ಲೂ ಹೊಂಚು ಹಾಕಿರುತ್ತದೆ.
ಇಂಥ ದಿನ ಬೈಕು ಕೊಳ್ಳಲು ಬರುವವರು
ಒಂದೋ ಹುಡುಗರು, ಇಲ್ಲವೇ ನನ್ನಂಥವರು.

ಎರಡೇ ಉಳಿದಿದ್ದವು ನನ್ನ ಪಟ್ಟಿಯಲ್ಲಿ.
ಒಂದು ಕ್ರೂಸರ್: ಕುಳ್ಳು, ಕಪ್ಪು, ಚುರುಕು.
ಕೂತರೆ ಎರಡು ಪಾದವೂ ಪೂರ್ತಿ ನೆಲಕ್ಕೆ.
ತಿರುಗಬೇಕು ಅಂದುಕೊಳ್ಳುವಷ್ಟರಲ್ಲಿ ತಿರುಗಿರುತ್ತದೆ,
ಬೈಯುವ ಮೊದಲೇ ಓಡಿಹೋಗುವ ಬೆಕ್ಕಿನ ಹಾಗೆ.
ಹಿಂದೆಯೂ ಒಂದು ಸೀಟಿದೆ ಅನ್ನುತ್ತಾರೆ:
ಟೋಸ್ಟಿನ ಒಂದು ಹೋಳು, ಅದೂ ಅಂಚು ಕತ್ತರಿಸಿದ್ದು.

ಇನ್ನೊಂದು ಟೂರಿಂಗು.
ಅದನ್ನು ಬೈಕು ಅನ್ನಲು ನಾಲಿಗೆ ತಡವರಿಸುತ್ತದೆ.
ಎಡಬಲಕ್ಕೆ ಪೆಟ್ಟಿಗೆ, ಹಿಂದೊಂದು ಪೆಟ್ಟಿಗೆ, ಮುಂದೆ ಗಾಜು,
ರೇಡಿಯೊ, ಬಿಸಿಯಾಗುವ ಹಿಡಿ,
ಹಿಂದೆ ಸರಿಯಲೂ ಒಂದು ಗೇರು.
ಹಿಂದಿನ ಸೀಟಿಗೆ ಬೆನ್ನಿದೆ, ಎರಡು ತೋಳಿವೆ.
ನಮ್ಮ ಮನೆಯ ಸೋಫಾದ ಒಂದು ತೋಳು ಮುರಿದು ಆರು ವರ್ಷ.

ಟೊಯಿವೊ ಬಾಗಿಲ ಬಳಿಯೇ ನಿಂತಿದ್ದ,
ಬಲಗೈ ಜೇಬಿನಲ್ಲಿ.
ಈಗೀಗ ಅದು ಅಲ್ಲೇ ಇರುತ್ತದೆ. ಅಲ್ಲಿ ನಡುಗಿದರೆ
ಚಿಲ್ಲರೆ ಎಣಿಸುತ್ತಿದ್ದಾನೆ ಅಂದುಕೊಳ್ಳುತ್ತಾರೆ ಜನ.
ಹಡಗುಗಳಿಗೆ ಅದಿರು ತುಂಬಿದ ಕೈ.
ಮೂವತ್ತೆರಡು ವರ್ಷ ಅವನ ಹಿಂದೆ ಕೂತು
ನಾನು ಈ ದೇಶ ನೋಡಿದ್ದೇನೆ, ಅಂದರೆ
ಅವನ ಜಾಕೆಟ್ಟಿನ ಹೊಲಿಗೆ,
ಮತ್ತು ಅದರ ಆಚೀಚೆ ಉಳಿದದ್ದು.

"ಚಿಕ್ಕದೇ ತಗೋ ಮಾರ್ಲಿಸ್," ಅಂದ,
ಬೆಲೆಚೀಟಿ ಓದುವವನ ದನಿಯಲ್ಲಿ.
"ನಿನಗೊಬ್ಬಳಿಗೆ ಸಾಕಲ್ಲ."

ನನಗೊಬ್ಬಳಿಗೆ.
ಡಾಕ್ಟರ ಎದುರೂ ಆಡದ ಮಾತು,
ಟೈರಿನ ವಾಸನೆಯ ನಡುವೆ ಬಿತ್ತು.

ಮಾಲೀಕನ ಸೋದರ ಸೊಸೆ ಬ್ರಿಟಾ, ಇನ್ನೂ ಇಪ್ಪತ್ತಮೂರು,
"ಬಿದ್ದರೆ ಎತ್ತಲಾಗದ್ದನ್ನ ನಾನು ಯಾರಿಗೂ ಮಾರಲ್ಲ" ಅಂದಳು.
ಹಳೇ ಕಾರ್ಪೆಟ್ಟಿನ ಮೇಲೆ ಆ ದೊಡ್ಡದನ್ನು
ಎಮ್ಮೆಯನ್ನು ಮಲಗಿಸುವಂತೆ ಬಲಕ್ಕೆ ಮಲಗಿಸಿದಳು.
ಎಂಟುನೂರ ಐವತ್ತು ಪೌಂಡು.

ಅದಕ್ಕೆ ಬೆನ್ನು ಮಾಡಿ ನಿಲ್ಲಬೇಕಂತೆ.
ಸೀಟಿನ ಅಂಚಿಗೆ ಕುಂಡೆ ಒತ್ತಿ,
ಒಂದು ಕೈ ಹ್ಯಾಂಡಲಿಗೆ, ಒಂದು ಹಿಂದಿನ ಕಂಬಿಗೆ,
ಎತ್ತುವುದಲ್ಲ, ಹಿಂದಕ್ಕೆ ನಡೆಯುವುದು,
ಇರುವೆಯಷ್ಟು ಹೆಜ್ಜೆ.

ಮೊದಲ ಸಲ ನನ್ನ ಮಂಡಿ ಮಾತ್ರ ಸದ್ದು ಮಾಡಿತು.
ಎರಡನೇ ಸಲಕ್ಕೆ ಉಸಿರು ಕಟ್ಟುವಷ್ಟರಲ್ಲಿ
ಬಾಗಿಲ ಕಡೆಯಿಂದ ಗದರಿಕೆ:
"ಏಯ್ ಹುಡುಗಿ, ಗೇರಿಗೆ ಹಾಕಿದೀಯಾ?
ಸ್ಟ್ಯಾಂಡು ಹೊರಗೆಳಿ ಮೊದಲು, ಆ ಕಡೆ ಉರುಳಿಬಿಟ್ಟರೆ?"
ನಾಲ್ಕು ತಿಂಗಳಲ್ಲಿ ಅವನ ಗಂಟಲು ಅಷ್ಟು ಏರಿದ್ದಿಲ್ಲ.
ಎರಡು ಕೈಯೂ ಜೇಬಿನಾಚೆ.

ಎದ್ದಿತು.
ಹೇಗೆ ಅಂತ ಕೇಳಬೇಡಿ, ನಾನು ಆ ಕಡೆ ನೋಡುತ್ತಿರಲಿಲ್ಲ.

ಅವನು ಬಂದು ಹಿಂದಿನ ಸೀಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದ,
ಅವನಮ್ಮ ಏಲಕ್ಕಿ ಬ್ರೆಡ್ಡು ಬೆಂದಿದೆಯೋ ಅಂತ ಒತ್ತುತ್ತಿದ್ದ ಹಾಗೆ.
"ತೀರಾ ಮೆತ್ತಗಾಯ್ತು," ಅಂದ.
"ನಾನೇನು ಪಾರ್ಸಲ್ಲಾ?"
"ಪಾರ್ಸಲ್ಲು ಬಾಯಿ ಮುಚ್ಚಿಕೊಂಡಿರುತ್ತೆ," ಅಂದೆ.

ಇನ್ನೂರು ಡಾಲರ್ ಮುಂಗಡ ಕೊಟ್ಟೆ.
ಹೊರಡುವಾಗ ಆ ಕಪ್ಪನೆಯದರ ಟ್ಯಾಂಕನ್ನು ಯಾರೂ ನೋಡದಂತೆ ಸವರಿದೆ.
ಸುಳ್ಳೇಕೆ, ಈಗಲೂ ಕೆಲವು ರಾತ್ರಿ
ಅದನ್ನು ಸರೋವರದ ಅಂಚಿನಲ್ಲಿ ಓಡಿಸುತ್ತೇನೆ,
ಒಬ್ಬಳೇ, ಗಾಜಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿ.

ಮನೆಗೆ ಬರುವಾಗ ಪಿಕಪ್ಪಿನಲ್ಲಿ
ನದಿಯ ಸೇತುವೆ ದಾಟುವ ತನಕ ಅವನ ಬಾಯಲ್ಲಿ ಮಾತಿಲ್ಲ.
ಆಮೇಲೆ, "ತಿರುವಿನಲ್ಲಿ ಹಿಂದಿನವರು ಎಲ್ಲಿ ನೋಡಬೇಕು?"
"ನನ್ನ ಹೆಗಲ ಮೇಲಿಂದ, ತಿರುವು ಯಾವ ಕಡೆಗೋ ಆ ಕಡೆ."
"ನೆಟ್ಟಗಿನ ದಾರಿಯಲ್ಲಿ?"
"ಎಲ್ಲಿ ಬೇಕಾದರೂ."

ಒಂದು ಮೈಲಿ ಹೋಯಿತು. ಒಂದು ಮರಳಿನ ಲಾರಿ ಹೋಯಿತು.
"ನಿನ್ನ ಜಾಕೆಟ್ಟು," ಅಂದ,
"ಬೆನ್ನ ಹತ್ತಿರ ಹೊಲಿಗೆ ಬಿಟ್ಟಿದೆ."