ನಾಕು ಕಳೀಬೇಕು

ಧಾರವಾಡದ ಮಾಳಮಡ್ಡಿಯಿಂದ ವಾರಿಜಾಬಾಯಿ ಕಟ್ಟಿ
ರೈಲಿನಾಗ ತಂದ್ರು, ಹದಿನಾರು ಕಿಲೋ ಕಬ್ಬಿಣ.
ವಾಲ್ವು ನಾಕೂ ಬ್ಯಾರೆ, ಹಳೇ ಪತ್ತಲದ ತುಂಡಿನಾಗ ಸುತ್ತಿ
ಸಂಡಿಗಿ ಡಬ್ಬಿಯೊಳಗ.
"ಎಡಕ್ಕ ತಂಬೂರಿ ಗೊಗ್ಗರಾಗ್ಯದ ಪರಸಪ್ಪ,
ಷಡ್ಜ ನಿಲ್ಲೂದ ಇಲ್ಲ."

ನಾ ಗೋಣು ಹಾಕಿದೆ.
ನನ್ನ ಎಡಗಿವಿ ಹ್ವಾದದ್ದು ಅವರಿಗೆ ಹೇಳಿಲ್ಲ.
ಇಪ್ಪತ್ತೆರಡು ವರ್ಷ ಹಾರ್ನಿನ ಬಾಯಾಗ ನಿಂತಾಂವ,
ನಾಟಕ, ಮದಿವಿ, ಇಲೆಕ್ಷನ್ನು.
ಯಾವತ್ತು ಹ್ವಾತೋ ಅದೂ ಗೊತ್ತಾಗಲಿಲ್ಲ.
ಬೆಟಗೇರಿಯೊಳಗ ಮಗ್ಗದ ಸಪ್ಪಳ ಕಡಿಮಿ ಆತು ಅಂದಕೊಂಡಿದ್ದೆ.
ಖರೇನ ಕಡಿಮಿ ಆಗಿತ್ತು,
ಅದಕ್ಕ ಮೋಸ ಹೋದೆ.

ಹಿಂಗಾಗಿ ಮುಳ್ಳು.
ಬೆಂಚಿನ ಮ್ಯಾಲೆ ಅಂಗೈ ಅಗಲದ ಎರಡು ಮೀಟರು,
ಹುಬ್ಬಳ್ಳಿ ಗುಜರಿಯೊಳಗ ತಕ್ಕಡಿಗೆ ಹಾಕಿ ಕೊಂಡದ್ದು.
ಮೊದಲ ಅವುಗಳ ಮಾರಿ ಮ್ಯಾಲೆ ಯಾವುದೋ ಪಂಪಿನ ಲೆಕ್ಕ ಇತ್ತು.
ಬೋರ್ಡು ಬರಿಯೂ ಮೌಲಾಲಿ ಸಣ್ಣ ಕುಂಚದಲೆ
ಕನ್ನಡ ಅಂಕಿ ಹಾಕಿಕೊಟ್ಟ,
೦, ೨೦, ೪೦, ೬೦, ೮೦, ೧೦೦.
ಎರಡನೇದರಾಗ ಅರವತ್ತರ ಆರು ಒಂದೀಟು ಬಾಗೇತಿ,
ಅಷ್ಟರಾಗ ಅಂವನ್ನ ಯಾರೋ ಕರದಿದ್ರು.

ಕ್ಯಾಥೋಡಿನ ಕಾಲಿಗೆ ಹತ್ತು ಓಮಿನ ರೆಜಿಸ್ಟರು,
ಅದರ ಎರಡೂ ತುದಿ ಮೀಟರಿಗೆ.
ಅರ್ಧ ವೋಲ್ಟು ಬಂದ್ರ ಐವತ್ತು ಮಿಲಿ.
ಎಡಗೈ ಕಿಸೆದಾಗ ಇರಬೇಕು, ಅದು ನೇಮ.
ಒಳಗ ನಾನೂರ ಮೂವತ್ತು ವೋಲ್ಟು ಕುಂತಿರತೈತಿ,
ಸ್ವಿಚ್ಚು ಆರಿಸಿದ ಮ್ಯಾಲೂ
ಏಳಲಾರದ ಬೀಗರಂಗ.

ಇನ್‌ಪುಟ್ಟಿನ ಬಾಯಿ ಮುಚ್ಚಿದೆ. ತಂಬೂರಿ ಇಲ್ಲ, ಹಾಡಿಲ್ಲ.
ಸುಮ್ಮನಿದ್ದಾಗ ಎಷ್ಟು ಹರೀತೈತಿ
ಅದನ್ನ ನೋಡಬೇಕು.
ಹತ್ತು ನಿಮಿಷ ವಾಲ್ವು ಕಾಯತಾವು,
ನಾನೂ ಕಾಯತೇನಿ,
ಬಾಯಿ ಸೆರಗಿನಲೆ ಕನ್ನಡಕ ಒರಸತಾರ.

ಒಂದು ಮುಳ್ಳು ನಲವತ್ತಕ್ಕ ಬಂದು ನಿಂತಿತು.
ಇನ್ನೊಂದು ನಲವತ್ತು, ನಲವತ್ತಾರು,
ಐವತ್ತೆಂಟು, ಬಾಗಿದ ಆರು ದಾಟಿ
ಎಪ್ಪತ್ತು
ಪ್ಲೇಟಿನ ಮಗ್ಗಲಿಗೆ ಬೂದಿಯೊಳಗಿನ ಕೆಂಡದಂಗ ಚುಕ್ಕಿ
ಆರಿಸಿದೆ.

ಶೇಂಗಾಕಾಯಿ ಗಾತ್ರದ ಕಪಾಸಿಟರು,
ನೋಡಾಕ ನೆಟ್ಟಗ, ಒಳಗ ಸೋರತಿತ್ತು.
ಹೊಸಾದು ಹಾಕಿ, ಮತ್ತ ಕಾಸಿ,
ಬಯಾಸಿನ ಸ್ಕ್ರೂ ಎಳ್ಳಿನಷ್ಟು ಆ ಕಡೆ, ಎಳ್ಳಿನಷ್ಟು ಈ ಕಡೆ.
ನಮ್ಮಪ್ಪ ಹಾಸಿನ ಮ್ಯಾಲೆ ಅಂಗೈ ಇಟ್ಟು
ಯಾವ ಎಳಿ ಬಿಗಿ, ಯಾವ ಎಳಿ ಸಡ್ಲ, ಹೇಳತಿದ್ದ.
ಕಣ್ಣು ಕಿಟಕಿ ಕಡೆ ಇರತಿದ್ವು.
ನನಗ ಆ ಕೈ ಬರಲಿಲ್ಲ.

"ಈಗ ನಲವತ್ತು ಅಂದ್ರ ಪೂರಾ ನಲವತ್ತೇನ್ರಿ?"
"ಇಲ್ರಿ ಬಾಯಿ. ಕ್ಯಾಥೋಡಿನ ಲೆಕ್ಕದಾಗ
ಸ್ಕ್ರೀನಿಂದೂ ಪಾಲು ಸೇರಿರತೈತಿ. ನಾಕು ಕಳೀಬೇಕು.
ಉಳದದ್ದು ಪ್ಲೇಟಿಂದು."
"ನಮ್ಮ ಪೆನ್ಶನ್ನಿನಂಗ ಅದ ಬಿಡ್ರಿ."

ಮೈಕು ಹಚ್ಚಿ ಕೊಟ್ಟೆ. ನಾಚಿಕೊಂಡ್ರು, ಗಂಟಲ ಸರಿ ಮಾಡಿದ್ರು,
ಕೆಳಗಿನ ಸ್ವರದಾಗ ಮೆಲ್ಲಕ ಹೊಂಟ್ರು.
ಮುಳ್ಳು ಎರಡೂ ಅಲುಗಲಿಲ್ಲ.
ಸಣ್ಣ ಧ್ವನಿಗೆ ಅಲುಗಬಾರದು.
ಆಮ್ಯಾಲೆ ತಾರ ಷಡ್ಜಕ್ಕ ಒಮ್ಮೆ ಹತ್ತಿದ್ರು ನೋಡ್ರಿ,
ಎರಡೂ ಕೂಡೇ ಎದ್ದು, ಕೂಡೇ ಕುಂತವು,
ನೀರಿನ ಮ್ಯಾಲಿನ ಎರಡು ಕಡ್ಡಿಯಂಗ.

"ಎಡಕ್ಕ ಈಗ ಸ್ವಚ್ಛ ಕೇಳಸ್ತದೇನ್ರಿ?"
"ಎರಡೂ ಸಮ ಅದಾವ್ರಿ."
ನಾ ಮೀಟರು ನೋಡಿ ಹೇಳಿದೆ.
ಅವರು ನೋಡಿದ್ದು ನನ್ನ.
"ಕೇಳಸ್ತದೇನು ಅಂದೆ" ಅಂದ್ರಂತ ಕಾಣತೈತಿ,
ತುಟಿ ಅಷ್ಟ ಕಂಡವು.

ಏನೂ ಅನ್ನಲಿಲ್ಲ ಮುಂದ.
ಎದ್ದು, ಸ್ಟೂಲು ಎತ್ತಿ
ನನ್ನ ಬಲಗಡೆ ತಂದಿಟ್ಟು ಕುಂತು
ಬಿಲ್ಲು ಎಷ್ಟಾತು ಅಂತ ಕೇಳಿದ್ರು.