ಎಡಗೈ

ಮುಳ್ಳೇರಿಯದ ಶಾಲೆಯ ಮೆಟ್ಟಿಲ ಪಕ್ಕ
ಹೊಸ ಇಳಿಜಾರು. ಸಿಮೆಂಟು ಹಸಿ;
ಇದುವರೆಗೆ ಒಂದು ನಾಯಿ ಮಾತ್ರ ಹತ್ತಿದೆ.
ಹಾಗಾಗಿ ಪ್ರಸೀದ ಸಿಸ್ಟರೇ ಜೀಪಿನ ಹತ್ತಿರ ಬಂದಳು,
ಹೆಗಲಿಗೆ ಐಸಿನ ಪೆಟ್ಟಿಗೆ.

ತಮ್ಮ ಐತಪ್ಪ, ಮೂವತ್ತೊಂದು ವರ್ಷ, ನನ್ನ ಮಡಿಲಲ್ಲಿ.
"ಪೇಡಿಕ್ಕಂಡ" ಎಂದಳು,
ಮತ್ತೆ ಕಷ್ಟಪಟ್ಟು, "ಹೆದರ್‌ಬೇಡ".
ಅವನಿಗೆ ಎರಡು ಭಾಷೆಯೂ ಇಲ್ಲ; ದನಿ ಗೊತ್ತು.
ಬಿಗಿದ ಮುಷ್ಟಿ
ಒಂದೊಂದೇ ಬೆರಳು ಬಿಟ್ಟಿತು.

ಹತ್ತಿ ಒತ್ತಿ ಹಿಡಿದು, ಹೊರಡುವ ಎಂದೆ.
"ಚೇಚಿ, ನಿಮ್ಮ ಕೈ?"

ಯಾವ ಕೈ?
ಎತ್ತುವುದು, ಉಣಿಸುವುದು, ಒರೆಸುವುದು,
ಎರಡೂ ಅವನದೇ ಎಂದುಕೊಂಡಿದ್ದೆ.

ಸೂಜಿ ತಿಳಿಯಲಿಲ್ಲ.
ರವಿಕೆಯ ತೋಳಿನ ಹೊಲಿಗೆ ಬಿಟ್ಟಿತ್ತಲ್ಲ,
ಅದಕ್ಕೆ ನಾಚಿಕೆ.
ಅಷ್ಟು ಹೊತ್ತೂ ಡ್ರೈವರ್ ಅಂದುಂಞಿ
ತಮ್ಮನ ತಲೆ ಹಿಡಿದುಕೊಂಡು
ಬೇರೆ ಕಡೆ ನೋಡುತ್ತಿದ್ದ.