ಜೀನುಗಾರನ ಚೆಂಡು

ಜೀನು ಹೊಲಿಯುವವನಿಗೆ ಚೆಂಡೇನು ಮಹಾ, ಅಂದ ಟ್ರೆಲೋರ್,
ಲೀಗಿನ ಕಾರ್ಯದರ್ಶಿ, ಮೀಸೆಗೆ ಬೇಕರಿಯ ಹಿಟ್ಟು.
ಹೊಲಿದೆ. ನಾಲ್ಕು ತುಂಡು ಚರ್ಮ, ಮೇಣದ ದಾರ,
ಹೊಟ್ಟೆಯೊಳಗೆ ರಬ್ಬರಿನ ಚೀಲ.
ಎರಡೂ ತುದಿ ಚೂಪು. ಬಿದ್ದರೆ ಎತ್ತ ನೆಗೆಯುತ್ತದೋ
ಹೊಲಿದ ನನಗೂ ಗೊತ್ತಿಲ್ಲ.

ನಾಲ್ಕೂರು, ಒಂದೇ ರೈಲುಹಳಿ.
ಬೂರಾಪ್, ವಿಲ್ಗಾ ಕ್ರೀಕ್, ಡನ್‌ಮೋರ್,
ಹಳಿ ಮುಗಿಯುವಲ್ಲಿ ನಾವು.
ಕುರಿಹೊಲದ ಮ್ಯಾಲಿ ಬೊಡ್ಡೆ ಕಿತ್ತು ನೆಟ್ಟೆವು
ಎರಡು ಎತ್ತರದ ಕಂಬ, ಅಕ್ಕಪಕ್ಕ ಎರಡು ಗಿಡ್ಡ.
ನಡುವೆ ಹೋದರೆ ಆರು, ಪಕ್ಕಕ್ಕೆ ಹೋದರೆ ಒಂದು.
ಗುರಿ ತಪ್ಪಿದವನಿಗೂ ಒಂದು ಕೊಡುವ ದಯೆ ನೋಡಿ ಎಂದು
ಪಾದ್ರಿ ನೋಸ್ಕೆ ಭಾನುವಾರದ ಉಪದೇಶಕ್ಕೇ ಅದನ್ನು ತಂದರು.
ಅವರ ಮಗ ಆ ವರ್ಷ ಹೊಡೆದದ್ದೆಲ್ಲ ಒಂದೊಂದೇ. ಹತ್ತೊಂಬತ್ತು.

ವಿಲ್ಗಾದವರಿಗೆ ಮಂಗನಬಾವು ಬಂದ ವಾರ
ನಮ್ಮಲ್ಲೇ ಮೂವರನ್ನು ಕಡ ಕೊಟ್ಟೆವು.
ಕಡ ಹೋದ ಪೆಂಗಿಲಿ ನಮ್ಮ ಮೇಲೇ ನಾಲ್ಕು ಗೋಲು ಹೊಡೆದ;
ತಿಂಗಳಿಡೀ ಅವನ ಕುದುರೆಗೆ ಲಾಳ ಕಟ್ಟಲಿಲ್ಲ ಕಮ್ಮಾರ.

ಜುಲೈಯಲ್ಲಿ ಚೆಂಡು ನೀರು ಕುಡಿದು ಕುಂಬಳಕಾಯಿ.
ಸೋಮವಾರ ಸೋಮವಾರ ಅಂಗಡಿಗೆ ಬರುತ್ತಿತ್ತು, ಗಾಯಾಳುವಿನ ಹಾಗೆ.
ಕುರಿಕೊಬ್ಬು ಸವರಿ, ಬಿಟ್ಟ ಹೊಲಿಗೆ ಹಾಕಿ, ಒಲೆಯಿಂದ ದೂರ ಇಡುತ್ತಿದ್ದೆ.
ಯಾರ ಬೂಟು ಎಲ್ಲಿ ತಾಗಿತೆಂದು ಚರ್ಮ ನೋಡಿ ಹೇಳಬಲ್ಲೆ.
ಆಟ ನೋಡಿದ್ದು ಮಾತ್ರ ಒಂದೇ ಸಲ.

ಅದೂ ಕೊನೆಯದು. ಬೂರಾಪಿನ ಎದುರು, ಎರಡು ಅಂಕ ಹಿಂದೆ.
ಅಂಪೈರು ನಮ್ಮ ಸ್ಟೇಷನ್ ಮಾಸ್ತರ;
ಐದು ಹತ್ತರ ರೈಲಿಗೆ ಬಾವುಟ ಬೀಸಬೇಕಾದವನೂ ಅವನೇ.
ಮೂವರ ಹೆಗಲ ಮೇಲಿಂದ ಚೆಂಡು ಕಿತ್ತ ಗಾಟ್‌ಹೋಲ್ಡ್ ನೋಸ್ಕೆ,
ಹಿಂದೆ ಸರಿದ, ಚಿಟಿಕೆ ಹುಲ್ಲು ಗಾಳಿಗೆ ಬಿಟ್ಟ, ಒದ್ದ.
ನಡುದಾರಿಯಲ್ಲಿ ನನ್ನ ಹೊಲಿಗೆ ಬಿಚ್ಚಿತು
(ಎಲ್ಲರಿಗಿಂತ ಮೊದಲು ಕಂಡದ್ದು ನನಗೇ)
ಚರ್ಮ ಎತ್ತರದ ಕಂಬಗಳ ನಡುವೆ,
ರಬ್ಬರು ಗಿಡ್ಡ ಕಂಬದ ಕಡೆಗೆ.
ಆರೋ? ಒಂದೋ?
ಅಂಪೈರು ಎರಡನ್ನೂ ನೋಡಿದ, ಗಡಿಯಾರ ನೋಡಿದ,
ಬೇಲಿ ಹಾರಿ ಸ್ಟೇಷನ್ನಿಗೆ ಓಡಿದ.
ದೂರದಲ್ಲಿ ಹಸಿರು ಬಾವುಟ ಎದ್ದದ್ದೇ
ಗೆದ್ದೆವೆಂದು ಅರ್ಧ ಊರು ಟೋಪಿ ಎಸೆಯಿತು.

ಟ್ರೆಲೋರನ ಪುಸ್ತಕದಲ್ಲಿ ಆ ಸಾಲು ಇನ್ನೂ ಖಾಲಿ.
ಮರುವರ್ಷ ಅಡಿಲೇಡಿನಿಂದ ಕಾರ್ಖಾನೆಯ ಚೆಂಡು ಬಂತು.
ಗಾಟ್‌ಹೋಲ್ಡ್ ಆಗಾಗ ಬಂದು ಕಡಿವಾಣದ ಬೆಲೆ ಕೇಳುತ್ತಾನೆ,
ಕೊಳ್ಳುವುದಿಲ್ಲ. ಮೊಳೆಗೆ ತೂಗಿದ ಚರ್ಮದೊಳಗೆ ಕೈ ತೂರಿಸಿ
ಬಿಚ್ಚಿದ ಜಾಗ ಬೆರಳಲ್ಲಿ ಅಳೆಯುತ್ತಾನೆ.
ಆ ಸೋಮವಾರ ಹೊಸ ದಾರ ಮುಗಿದಿತ್ತೆಂದು
ಅವನಿಗೆ ನಾನಿನ್ನೂ ಹೇಳಿಲ್ಲ.